ಶೆರಿಫರ ಜೈಲು, ಕೌಂಟಿಯ ಖಜಾನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ಮನೆ ಕೊಂಡವರು ಕಟ್ಟುವ ಆಸ್ತಿ ತೆರಿಗೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಾಗ, ಆ ಹಣದ ಒಂದು ಪಾಲು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಶೆರಿಫ್ ಇಲಾಖೆಗೂ, ಅಂದರೆ ಅದರ ಪೊಲೀಸ್ ಇಲಾಖೆಗೂ, ಜೈಲಿಗೂ ಸಲ್ಲುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯವನ್ನೇ ಹಿಡಿದು ಕೇಳಿದವು. ಬರೆದವರಲ್ಲಿ ಬಹುಪಾಲು ಜನ ಕ್ಯಾಲಿಫೋರ್ನಿಯಾದವರಾದ್ದರಿಂದ ಆ ರಾಜ್ಯದ ವ್ಯವಸ್ಥೆಯನ್ನೇ, ಅದರಲ್ಲೂ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಸಾಂಟಾ ಕ್ಲಾರಾ ಕೌಂಟಿಯನ್ನು, ಮುಂದಿಟ್ಟುಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಊರಿನಲ್ಲಿ ಗಸ್ತು ತಿರುಗುವ ಕಾರುಗಳ ಮೇಲೆ ‘ಶೆರಿಫ್’ ಎಂದು ಬರೆದಿರುತ್ತದೆ. ಪಕ್ಕದ ಸನ್ನಿವೇಲ್‌ನಲ್ಲಿ ಹಾಗಿಲ್ಲ. ಹಾಗಾದರೆ ನಮ್ಮ ಪೊಲೀಸರು ಊರಿನವರೋ ಕೌಂಟಿಯವರೋ?
— ಕುಪರ್ಟಿನೊದ ಓದುಗರೊಬ್ಬರು

ಉತ್ತರ: ಕೌಂಟಿಯವರು. ಕುಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್ ಈ ಮೂರು ನಗರಗಳಿಗೆ ಸ್ವಂತ ಪೊಲೀಸ್ ಇಲಾಖೆಯಿಲ್ಲ. ಅವು ಸಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಇಲಾಖೆಯೊಂದಿಗೆ ಕರಾರು ಮಾಡಿಕೊಂಡು, ಹಣ ಕೊಟ್ಟು ಸೇವೆ ಪಡೆಯುತ್ತವೆ. ಲಾಸ್ ಏಂಜಲೀಸ್ ಕೌಂಟಿಯ ಲೇಕ್‌ವುಡ್ ಎಂಬ ಊರು 1954ರಲ್ಲಿ ನಗರವಾದಾಗ, ಎಲ್ಲ ಇಲಾಖೆಗಳನ್ನೂ ತಾನೇ ಕಟ್ಟಿಕೊಳ್ಳುವುದು ದುಬಾರಿಯೆಂದು ಕೌಂಟಿಯಿಂದಲೇ ಸೇವೆಗಳನ್ನು ಕೊಳ್ಳುವ ಏರ್ಪಾಡು ಮಾಡಿಕೊಂಡಿತು. ನಿಮ್ಮ ಊರು ನಡೆದುಬಂದದ್ದೂ ಅದೇ ಹಾದಿ. ಸನ್ನಿವೇಲ್ ಇದಕ್ಕೆ ತದ್ವಿರುದ್ಧವಾಗಿ ಪೊಲೀಸ್ ಮತ್ತು ಅಗ್ನಿಶಾಮಕ ಕೆಲಸಗಳೆರಡನ್ನೂ ಒಂದೇ ಇಲಾಖೆಯಲ್ಲಿಟ್ಟು ತಾನೇ ನಡೆಸುತ್ತದೆ.

ಆದರೆ ಬಂಧಿಸಿದವರು ಯಾರೇ ಆಗಲಿ, ಬಂಧಿತರನ್ನು ಇಡುವ ಜೈಲು ಕೌಂಟಿಯದು. ಸನ್ನಿವೇಲ್‌ನ ಅಧಿಕಾರಿ ಹಿಡಿದವರೂ, ಸ್ಯಾನ್ ಹೊಸೆಯ ಪೊಲೀಸರು ಹಿಡಿದವರೂ ಕೊನೆಗೆ ಸೇರುವುದು ಅಲ್ಲಿಗೇ. ಆದ್ದರಿಂದ ಊರಿಗೆ ಸ್ವಂತ ಪೊಲೀಸರಿದ್ದರೂ ಇಲ್ಲದಿದ್ದರೂ, ಕೌಂಟಿಯ ಜೈಲು ಹೇಗೆ ನಡೆಯುತ್ತದೆ ಎಂಬುದು ಅಲ್ಲಿ ವಾಸಿಸುವ ಎಲ್ಲರ ವಿಷಯ.

ಪ್ರಶ್ನೆ: ಶೆರಿಫ್ ಎಂದರೆ ನಮ್ಮ ಜಿಲ್ಲೆಯ ಎಸ್‌ಪಿಯವರಂತೆಯೇ? ಅವರ ಮೇಲಧಿಕಾರಿ ಯಾರು?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಕೆಲಸದಲ್ಲಿ ಸ್ವಲ್ಪ ಹೋಲಿಕೆಯಿದೆ, ಸ್ಥಾನದಲ್ಲಿ ಇಲ್ಲ. ನಮ್ಮಲ್ಲಿ ಪೊಲೀಸ್ ಮತ್ತು ಕಾರಾಗೃಹ ಎರಡೂ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿವೆ. ಎಸ್‌ಪಿಯವರನ್ನು ನೇಮಿಸುವುದೂ ವರ್ಗಾಯಿಸುವುದೂ ರಾಜ್ಯ ಸರ್ಕಾರ. ಪರಪ್ಪನ ಅಗ್ರಹಾರದ ಜೈಲಿನ ಖರ್ಚಿಗೆ ಒಪ್ಪಿಗೆ ಕೊಡುವುದು ವಿಧಾನಮಂಡಲ. ಜಿಲ್ಲಾ ಪಂಚಾಯತ್‌ಗೆ ಈ ಎರಡರಲ್ಲೂ ಮಾತಿಲ್ಲ. ಮುಂಬೈ ಮತ್ತು ಕೋಲ್ಕತ್ತಾಗಳಲ್ಲಿ ಉಳಿದುಬಂದ ಶೆರಿಫ್ ಹುದ್ದೆಯಂತೂ ಬರಿಯ ಗೌರವದ್ದು. ಸುನಿಲ್ ಗವಾಸ್ಕರ್ ಅವರು ಒಮ್ಮೆ ಮುಂಬೈನ ಶೆರಿಫ್ ಆಗಿದ್ದರು ಎಂದರೆ ಅದರ ಸ್ವರೂಪ ತಿಳಿಯುತ್ತದೆ.

ಕ್ಯಾಲಿಫೋರ್ನಿಯಾದ ಶೆರಿಫ್ ಜನರಿಂದ ನೇರವಾಗಿ ಆರಿಸಿ ಬರುತ್ತಾರೆ. ಕೌಂಟಿಯ ಆಡಳಿತ ನಡೆಸುವ ಮೇಲ್ವಿಚಾರಕರ ಮಂಡಳಿಯ ಸದಸ್ಯರೂ, ಸಾಮಾನ್ಯವಾಗಿ ಐವರು, ಹಾಗೆಯೇ ಆರಿಸಿ ಬಂದವರು. ಇಲ್ಲಿಯೇ ತೊಡಕು ಇರುವುದು. ಮಂಡಳಿಯನ್ನು ‘ಮೇಲ್ವಿಚಾರಕ’ ಎಂದು ಕರೆದರೂ ಅದು ಶೆರಿಫರಿಗೆ ಮೇಲಧಿಕಾರಿಯಲ್ಲ. ರಾಜ್ಯದ ಸರ್ಕಾರಿ ಸಂಹಿತೆಯ 25303ನೆಯ ಕಲಮು ಕೌಂಟಿಯ ಎಲ್ಲ ಅಧಿಕಾರಿಗಳ ನಡವಳಿಕೆಯನ್ನೂ, ವಿಶೇಷವಾಗಿ ಸಾರ್ವಜನಿಕ ಹಣದ ಬಳಕೆಯನ್ನೂ, ನೋಡಿಕೊಳ್ಳುವ ಹೊಣೆಯನ್ನು ಮಂಡಳಿಗೆ ಒಪ್ಪಿಸುತ್ತದೆ. ಅದೇ ಕಲಮು ಶೆರಿಫರ ತನಿಖಾ ಕಾರ್ಯಕ್ಕೆ ಅಡ್ಡಿಮಾಡುವಂತಿಲ್ಲ ಎಂದು ಗೆರೆಯನ್ನೂ ಎಳೆಯುತ್ತದೆ. ಕೊನೆಯಲ್ಲಿ, ಹೀಗೆ ಹೇಳಿದ್ದರಿಂದ ಮಂಡಳಿಯ ಬಜೆಟ್ ಅಧಿಕಾರಕ್ಕೆ ಯಾವ ಕುಂದೂ ಇಲ್ಲ ಎಂದು ಸ್ಪಷ್ಟಪಡಿಸುತ್ತದೆ. 1977ರಲ್ಲಿ ಆರೆಂಜ್ ಕೌಂಟಿಯ ಮಂಡಳಿ, ಜಿಲ್ಲಾ ಅಟಾರ್ನಿಯ, ಅಂದರೆ ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರ, ಕಚೇರಿಯ ತನಿಖಾಧಿಕಾರಿಗಳನ್ನು ಬಜೆಟ್ಟಿನ ಮೂಲಕ ಶೆರಿಫ್ ಇಲಾಖೆಗೆ ವರ್ಗಾಯಿಸಲು ಹೊರಟಾಗ ನ್ಯಾಯಾಲಯ ಅದನ್ನು ತಡೆಯಿತು. ಎಷ್ಟು ಹಣ, ಎಷ್ಟು ಹುದ್ದೆ ಎಂದು ಮಂಡಳಿ ಹೇಳಬಹುದು, ಆ ಹುದ್ದೆಯಲ್ಲಿರುವವರಿಗೆ ಯಾವ ಕೆಲಸ ಎಂದು ಹೇಳಲಾಗದು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಹೀಗೆ.

ಪ್ರಶ್ನೆ: ಹಾಗಾದರೆ ಆ ಹಣ ಎಲ್ಲಿಂದ ಬರುತ್ತದೆ, ಮಂಡಳಿ ಅದನ್ನು ಹೇಗೆ ನಿಯಂತ್ರಿಸುತ್ತದೆ? ಬಜೆಟ್ ಪುಸ್ತಕವನ್ನು ತೆರೆದು ನೋಡಿದೆ, ತಲೆಬುಡ ತಿಳಿಯಲಿಲ್ಲ.
— ಮಿಲ್ಪಿಟಾಸ್‌ನ ಓದುಗರೊಬ್ಬರು

ಉತ್ತರ: ತೆರೆದು ನೋಡಿದಿರಲ್ಲ, ಅದಕ್ಕೆ ಮೊದಲು ಅಭಿನಂದನೆ ಹೇಳಬೇಕು. ಕೌಂಟಿಯ ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಬೇಸಿಗೆಗೆ ಮೊದಲು ಕೌಂಟಿಯ ಆಡಳಿತಾಧಿಕಾರಿ ಶಿಫಾರಸು ಬಜೆಟ್ಟನ್ನು ಮುಂದಿಡುತ್ತಾರೆ, ಬಹಿರಂಗ ವಿಚಾರಣೆಗಳು ನಡೆಯುತ್ತವೆ, ಅಂತಿಮ ಬಜೆಟ್ಟಿಗೆ ಕಾನೂನು ಕೊಡುವ ಗಡುವು ಅಕ್ಟೋಬರ್ 2. ವರ್ಷದ ನಡುವೆ ಮೀಸಲು ನಿಧಿಯಿಂದ ಹೆಚ್ಚಿನ ಹಣ ತೆಗೆಯಬೇಕಾದರೆ ಐವರಲ್ಲಿ ನಾಲ್ವರ ಮತ ಬೇಕು.

ಹಣ ಮೂರು ನಾಲ್ಕು ಕಡೆಯಿಂದ ಬರುತ್ತದೆ. ಆಸ್ತಿ ತೆರಿಗೆಯಂಥ ಮೂಲಗಳಿಂದ ತುಂಬುವ ಸಾಮಾನ್ಯ ನಿಧಿ ಮೊದಲನೆಯದು. ಆಸ್ಪತ್ರೆ, ಗ್ರಂಥಾಲಯ, ಮಕ್ಕಳ ರಕ್ಷಣೆ ಇವುಗಳ ಜೊತೆ ಶೆರಿಫ್ ಇಲಾಖೆ ಪೈಪೋಟಿಗೆ ಇಳಿಯುವುದು ಈ ನಿಧಿಗಾಗಿ. 1993ರಲ್ಲಿ ಮತದಾರರು ಒಪ್ಪಿದ 172ನೆಯ ಪ್ರಸ್ತಾವದಂತೆ ಮಾರಾಟ ತೆರಿಗೆಯಲ್ಲಿ ಡಾಲರಿಗೆ ಅರ್ಧ ಸೆಂಟು ಸಾರ್ವಜನಿಕ ಸುರಕ್ಷತೆಗೇ ಮೀಸಲು. ಕರಾರು ನಗರಗಳು ಕಟ್ಟುವ ಹಣ ಇನ್ನೊಂದು. ನಾಲ್ಕನೆಯದಾದ ರಾಜ್ಯದ ಮರುಹಂಚಿಕೆ ಹಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಳೆದ ಹದಿನೈದು ವರ್ಷಗಳಲ್ಲಿ ಕೌಂಟಿಯ ಜೈಲುಗಳ ಚಹರೆಯನ್ನೇ ಬದಲಿಸಿದ್ದು ಅದು.

ಕ್ಯಾಲಿಫೋರ್ನಿಯಾದ ರಾಜ್ಯ ಕಾರಾಗೃಹಗಳು ಸುಮಾರು 80,000 ಜನರಿಗೆಂದು ಕಟ್ಟಿದವು. ಅವುಗಳಲ್ಲಿ ಅದರ ಎರಡರಷ್ಟು ಜನರನ್ನು ತುಂಬಿದ್ದರಿಂದ ಕೈದಿಗಳಿಗೆ ವೈದ್ಯಕೀಯ ಆರೈಕೆ ಸಿಗದೆ ಸಾವುಗಳಾಗುತ್ತಿದ್ದವು. 2011ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಈ ಸಂಖ್ಯೆಯನ್ನು ಸಾಮರ್ಥ್ಯದ ಶೇ. 137.5ಕ್ಕೆ ಇಳಿಸಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ರಾಜ್ಯ ಕಂಡುಕೊಂಡ ದಾರಿಯೆಂದರೆ ಅದೇ ವರ್ಷದ ಅಕ್ಟೋಬರ್‌ನಿಂದ ಜಾರಿಗೆ ಬಂದ ಮರುಹಂಚಿಕೆ ಕಾನೂನು: ಹಿಂಸೆಯಿಲ್ಲದ, ಗಂಭೀರವಲ್ಲದ, ಲೈಂಗಿಕವಲ್ಲದ ಅಪರಾಧಗಳಿಗೆ ಶಿಕ್ಷೆಯಾದವರು ಇನ್ನು ಮುಂದೆ ರಾಜ್ಯದ ಕಾರಾಗೃಹಕ್ಕೆ ಹೋಗದೆ ಕೌಂಟಿಯ ಜೈಲಿನಲ್ಲೇ ಶಿಕ್ಷೆ ಮುಗಿಸಬೇಕು. ಜೊತೆಗೆ ರಾಜ್ಯ ಹಣವನ್ನೂ ಕೊಟ್ಟಿತು; 2012ರಲ್ಲಿ ಮತದಾರರು ಅದಕ್ಕೆ ಸಂವಿಧಾನದ ಭದ್ರತೆ ಒದಗಿಸಿದರು. ಹೆಚ್ಚೆಂದರೆ ಒಂದು ವರ್ಷ ಇರುವವರಿಗೆಂದು ಕಟ್ಟಿದ ಜೈಲುಗಳಿಗೆ ಹಲವು ವರ್ಷಗಳ ಶಿಕ್ಷೆಯವರು ಬಂದು ಸೇರಿದರು.

ಆ ಹಣವನ್ನು ಹಂಚುವ ಕ್ರಮವನ್ನು ಗಮನಿಸಿ. ಶಿಕ್ಷೆಯಾಗಿಯೂ ಜೈಲಿನ ಹೊರಗಿರುವವರ ಮೇಲೆ ನಿಗಾ ಇಡುವ ಪರಿವೀಕ್ಷಣಾ ಇಲಾಖೆಯ, ಅಂದರೆ ಪ್ರೊಬೇಷನ್ ಇಲಾಖೆಯ ಮುಖ್ಯಸ್ಥರ ಅಧ್ಯಕ್ಷತೆಯಲ್ಲಿ, ಶೆರಿಫ್, ಪೊಲೀಸ್ ಮುಖ್ಯಸ್ಥರೊಬ್ಬರು, ಜಿಲ್ಲಾ ಅಟಾರ್ನಿ, ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲರು, ನ್ಯಾಯಾಲಯದ ಪ್ರತಿನಿಧಿ ಮೊದಲಾದವರ ಸಮಿತಿಯೊಂದು ಯೋಜನೆ ರೂಪಿಸುತ್ತದೆ. ಮಂಡಳಿ ಐದರಲ್ಲಿ ನಾಲ್ಕು ಭಾಗ ಮತದಿಂದ ತಿರಸ್ಕರಿಸದಿದ್ದರೆ ಅದು ಒಪ್ಪಿತವಾದಂತೆಯೇ. ಸಾಮಾನ್ಯ ವಿಷಯಗಳಿಗೆ ಮೂರು ಮತ ಸಾಕಾಗುವ ಮಂಡಳಿಗೆ, ಇದನ್ನು ಬೇಡವೆನ್ನಲು ನಾಲ್ಕು ಮತ ಬೇಕು. ಜನರಿಂದ ಆರಿಸಿ ಬಂದವರ ಕೈಯನ್ನು ಇಷ್ಟು ಬಿಗಿಯಾಗಿ ಕಟ್ಟಿದ್ದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಪುಸ್ತಕ ಓದುವ ಬಗೆ. ಶೆರಿಫ್ ಇಲಾಖೆಯ ಪುಟ ತೆರೆದಾಗ ಒಟ್ಟು ಮೊತ್ತವನ್ನು ಬಿಟ್ಟು ಮೊದಲು ಮಂಜೂರಾದ ಹುದ್ದೆಗಳ ಸಂಖ್ಯೆ ನೋಡಿ, ಬಳಿಕ ಖಾಲಿಯಿರುವ ಹುದ್ದೆಗಳೆಷ್ಟು ಎಂದು ಹುಡುಕಿ, ಆಮೇಲೆ ಓವರ್‌ಟೈಮಿನ ಸಾಲಿಗೆ ಬನ್ನಿ. ಕಳೆದ ವರ್ಷ ಓವರ್‌ಟೈಮಿಗೆ ಇಟ್ಟ ಹಣ, ನಿಜವಾಗಿ ಖರ್ಚಾದದ್ದು, ಈ ವರ್ಷ ಇಟ್ಟಿರುವುದು ಈ ಮೂರು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಹುದ್ದೆಗಳು ಖಾಲಿ ಬಿದ್ದು, ಅವುಗಳ ಸಂಬಳದಲ್ಲಿ ಉಳಿದ ಹಣವೇ ಓವರ್‌ಟೈಮಾಗಿ ಹರಿಯುತ್ತಿದ್ದರೆ, ಜೈಲಿನೊಳಗೆ ಒಬ್ಬರೇ ಕಾವಲು ಸಿಬ್ಬಂದಿ ಹದಿನಾರು ಗಂಟೆ ಪಾಳಿ ಮಾಡುತ್ತಿರಬಹುದೆಂಬ ಅನುಮಾನ ಬರಬೇಕು. ಬಳಲಿದವರ ಕೈಗೆ ಬಂಧಿಗಳನ್ನು ಒಪ್ಪಿಸುವುದು ಎರಡು ಕಡೆಯವರಿಗೂ ಅಪಾಯ.

ಮಂಡಳಿಗೆ ಸಿಕ್ಕಿರುವ ಹೊಸ ಹಿಡಿತವೊಂದನ್ನೂ ಹೇಳಬೇಕು. 2022ರಿಂದ ಜಾರಿಯಲ್ಲಿರುವ ಕಾನೂನಿನಂತೆ ಸೇನಾ ಮಾದರಿಯ ಸಲಕರಣೆಗಳನ್ನು ಕೊಳ್ಳಲು ಅಥವಾ ಬಳಸಲು, ಶಸ್ತ್ರಸಜ್ಜಿತ ವಾಹನವಾಗಲಿ ಡ್ರೋನ್ ಆಗಲಿ, ಶೆರಿಫರು ಬಹಿರಂಗ ಸಭೆಯಲ್ಲಿ ಮಂಡಳಿಯ ಒಪ್ಪಿಗೆ ಪಡೆಯಬೇಕು ಮತ್ತು ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು.

ಪ್ರಶ್ನೆ: ಅಪರಾಧಿಗಳಿಗಾಗಿ ಇಷ್ಟು ಖರ್ಚು ಏಕೆ ಮಾಡಬೇಕು? ಆ ಹಣವನ್ನು ಶಾಲೆಗಳಿಗೆ ಕೊಡಬಾರದೆ?
— ಫ್ರೀಮಾಂಟ್‌ನ ಓದುಗರೊಬ್ಬರು

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ಪದವನ್ನೇ ಸ್ವಲ್ಪ ತಿದ್ದಬೇಕಾಗಿದೆ. ಅಮೆರಿಕದ ಸ್ಥಳೀಯ ಜೈಲುಗಳಲ್ಲಿ ಯಾವುದೇ ಒಂದು ದಿನ ಇರುವ ಸುಮಾರು 6.6 ಲಕ್ಷ ಜನರಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚಿನವರಿಗೆ ಇನ್ನೂ ಶಿಕ್ಷೆಯಾಗಿಲ್ಲ; ಅವರು ವಿಚಾರಣೆಗಾಗಿ ಕಾಯುತ್ತಿರುವವರು. ಭಾರತದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. 2022ರ ಕೊನೆಯಲ್ಲಿ ನಮ್ಮ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಎರಡೂ ದೇಶಗಳಲ್ಲಿ ಜೈಲಿನ ಹಣವೆಂದರೆ ಹೆಚ್ಚಾಗಿ ತಪ್ಪು ಸಾಬೀತಾಗದ ಜನರ ಮೇಲೆ ಆಗುವ ಖರ್ಚು.

ಕೌಂಟಿ ಈ ಖರ್ಚನ್ನು ಬೇಡವೆಂದು ಬಿಡುವಂತೆಯೂ ಇಲ್ಲ. ಬಂಧಿಯ ಗಂಭೀರ ಕಾಯಿಲೆಯನ್ನು ತಿಳಿದೂ ಕಡೆಗಣಿಸುವುದು ಸಂವಿಧಾನದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 1976ರಲ್ಲೇ ಹೇಳಿದೆ. ಬಡವರ ಚಿಕಿತ್ಸೆಗೆ ಹಣ ಕೊಡುವ ಒಕ್ಕೂಟ ಸರ್ಕಾರದ ಮೆಡಿಕೇಡ್ ಯೋಜನೆ, 1965ರಲ್ಲಿ ಹುಟ್ಟಿದಾಗಿನಿಂದಲೂ, ಜೈಲಿನೊಳಗೆ ಇರುವವರ ವೆಚ್ಚವನ್ನು ಭರಿಸುವುದಿಲ್ಲ. ಹೊರಗಿದ್ದಾಗ ಸಿಗುತ್ತಿದ್ದ ನೆರವು ಜೈಲಿನ ಬಾಗಿಲು ದಾಟಿದ ಕೂಡಲೇ ನಿಂತುಹೋಗಿ, ಇನ್ಸುಲಿನ್‌ನಿಂದ ಹಿಡಿದು ಮಾನಸಿಕ ಕಾಯಿಲೆಯ ಔಷಧಿಯವರೆಗೆ ಎಲ್ಲವೂ ಕೌಂಟಿಯ ತಲೆಯ ಮೇಲೆ ಬೀಳುತ್ತದೆ. ಬಿಡುಗಡೆಗೆ ಮೊದಲಿನ 90 ದಿನಗಳ ಕೆಲವು ಸೇವೆಗಳಿಗೆ ಮೆಡಿಕೇಡ್ ಹಣ ಬಳಸಲು 2023ರ ಜನವರಿಯಲ್ಲಿ ಅನುಮತಿ ಪಡೆದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ.

ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಂಟಾ ಕ್ಲಾರಾದ ಜನ ದೂರ ನೋಡಬೇಕಿಲ್ಲ. 2015ರ ಆಗಸ್ಟ್‌ನಲ್ಲಿ ಸ್ಯಾನ್ ಹೊಸೆಯ ಮುಖ್ಯ ಜೈಲಿನಲ್ಲಿ, ಮಾನಸಿಕ ಕಾಯಿಲೆಯಿದ್ದ 31 ವರ್ಷದ ವ್ಯಕ್ತಿಯೊಬ್ಬರು ತಮ್ಮ ಕೋಣೆಯಲ್ಲಿ ಹೊಡೆತದಿಂದ ಸತ್ತರು. ಸಣ್ಣ ಆರೋಪದ ಮೇಲೆ ಒಳಗಿದ್ದ ಅವರು ಕಾಯುತ್ತಿದ್ದುದು ಚಿಕಿತ್ಸಾ ಕೇಂದ್ರವೊಂದರಲ್ಲಿ ಹಾಸಿಗೆ ತೆರವಾಗಲೆಂದು. ಮೂವರು ಕಾವಲು ಅಧಿಕಾರಿಗಳ ಮೇಲೆ ಕೊಲೆ ಮೊಕದ್ದಮೆ ನಡೆದು 2017ರಲ್ಲಿ ಶಿಕ್ಷೆಯಾಯಿತು, 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕುಟುಂಬಕ್ಕೆ ಕೌಂಟಿ ಕೊಟ್ಟ ಪರಿಹಾರ 36 ಲಕ್ಷ ಡಾಲರ್. ಇಲಾಖೆ ಶೆರಿಫರದು, ಪರಿಹಾರದ ಹಣ ಮಾತ್ರ ಕೌಂಟಿಯ ಬೊಕ್ಕಸದ್ದು. ಒಂದು ಹಾಸಿಗೆ ಸಮಯಕ್ಕೆ ಸಿಕ್ಕಿದ್ದರೆ ಆ ಮನುಷ್ಯ ಆ ರಾತ್ರಿ ಜೈಲಿನಲ್ಲಿ ಇರುತ್ತಲೇ ಇರಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚಿಕಿತ್ಸೆಯ ಹಾಸಿಗೆಗೆ ಇಡದ ಹಣ ಉಳಿತಾಯವಾಗಲಿಲ್ಲ.

ಶಾಲೆಗಳ ವಿಷಯ ಬೇರೆ. ಅವುಗಳಿಗೆ ಪ್ರತ್ಯೇಕ ಶಾಲಾ ಮಂಡಳಿಗಳೂ ಪ್ರತ್ಯೇಕ ನಿಧಿಯೂ ಇವೆ. ಜೈಲಿನಲ್ಲಿ ಉಳಿದ ಹಣ ನೇರವಾಗಿ ಶಾಲೆಗೆ ಹೋಗುವುದಿಲ್ಲ.

ಪ್ರಶ್ನೆ: ಶೆರಿಫರೇ ತಪ್ಪು ಮಾಡಿದರೆ ಕೇಳುವವರು ಯಾರು? ಮುಂದಿನ ಚುನಾವಣೆಯವರೆಗೆ ಕಾಯುವುದೊಂದೇ ದಾರಿಯೇ?
— ಫಾಸ್ಟರ್ ಸಿಟಿಯ ಓದುಗರೊಬ್ಬರು

ಉತ್ತರ: ಬೇರೆ ದಾರಿಗಳಿವೆ, ನಿಮ್ಮ ಸ್ಯಾನ್ ಮಟೇಯೊ ಕೌಂಟಿಯೇ ಇತ್ತೀಚೆಗೆ ಅವುಗಳಲ್ಲಿ ಅತ್ಯಂತ ಕಠಿಣವಾದದ್ದನ್ನು ಹಿಡಿಯಿತು. 2025ರ ಮಾರ್ಚ್‌ನಲ್ಲಿ ನಡೆದ ವಿಶೇಷ ಮತದಾನದಲ್ಲಿ, ಸಕಾರಣವಿದ್ದರೆ ಐದರಲ್ಲಿ ನಾಲ್ಕು ಭಾಗ ಮತದಿಂದ ಶೆರಿಫರನ್ನು ತೆಗೆಯುವ ಅಧಿಕಾರವನ್ನು ಮತದಾರರು ಮಂಡಳಿಗೆ 2028ರವರೆಗೆ ಕೊಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಂಡಳಿ ಶೆರಿಫ್ ಕ್ರಿಸ್ಟಿನಾ ಕಾರ್ಪಸ್ ಅವರನ್ನು ಹುದ್ದೆಯಿಂದ ಇಳಿಸಿತು. ಲಾಸ್ ಏಂಜಲೀಸ್ ಕೌಂಟಿಯ ಮತದಾರರು ಇಂಥದೇ ಅಧಿಕಾರವನ್ನು 2022ರಲ್ಲಿ ಕೊಟ್ಟಿದ್ದರು.

ಸಾಂಟಾ ಕ್ಲಾರಾದಲ್ಲಿ ನಡೆದದ್ದು ಬೇರೆ ಬಗೆಯದು. ಪ್ರತಿ ಕೌಂಟಿಯಲ್ಲೂ ವರ್ಷಕ್ಕೊಮ್ಮೆ ಸಾಮಾನ್ಯ ನಾಗರಿಕರಿಂದ ರಚಿತವಾಗುವ ಸಿವಿಲ್ ಗ್ರ್ಯಾಂಡ್ ಜ್ಯೂರಿ ಎಂಬ ತನಿಖಾ ಮಂಡಳಿಯಿದೆ. ಹೆಚ್ಚಿನ ಕೌಂಟಿಗಳಲ್ಲಿ 19 ಸದಸ್ಯರು. ಕೌಂಟಿಯೊಳಗಿನ ಜೈಲುಗಳ ಸ್ಥಿತಿಗತಿಯನ್ನು ಅವರು ವಿಚಾರಿಸಲೇಬೇಕು ಎನ್ನುತ್ತದೆ ದಂಡಸಂಹಿತೆ. 2021ರ ಆಗಸ್ಟ್‌ನಲ್ಲಿ ಮೇಲ್ವಿಚಾರಕರ ಮಂಡಳಿ ಶೆರಿಫ್ ಲಾರಿ ಸ್ಮಿತ್ ಅವರ ಮೇಲೆ ಅವಿಶ್ವಾಸ ಸೂಚಿಸಿತಾದರೂ, ಅದಕ್ಕೆ ಕಾನೂನಿನ ಬಲವಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಜ್ಯೂರಿ ದುರ್ನಡತೆಯ ಆರೋಪಪಟ್ಟಿ ಹೊರಡಿಸಿದ ಮೇಲೆ ವಿಚಾರಣೆ ನಡೆದು, ಸ್ಮಿತ್ ಅವರು 2022ರ ಅಕ್ಟೋಬರ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು, ಕೆಲವೇ ದಿನಗಳಲ್ಲಿ ಬಹುಪಾಲು ಆರೋಪಗಳು ಸಾಬೀತಾದವು. ಐವರು ಚುನಾಯಿತರಿಂದ ಆಗದ ಕೆಲಸವನ್ನು, ನಿವೃತ್ತ ಮೇಷ್ಟರೂ ಲೆಕ್ಕಿಗರೂ ಇರಬಹುದಾದ ಜ್ಯೂರಿಯೊಂದು ಶುರುಮಾಡಿತು.

ದಿನನಿತ್ಯದ ನಿಗಾ ಇನ್ನೊಂದು. 2015ರ ಸಾವಿನ ಬಳಿಕ ಸಾಂಟಾ ಕ್ಲಾರಾ ಮಂಡಳಿ 2018ರಲ್ಲಿ ಜೈಲು ಮತ್ತು ಶೆರಿಫ್ ಇಲಾಖೆಯ ಮೇಲೆ ಸ್ವತಂತ್ರ ನಿಗಾ ಕಚೇರಿಯೊಂದನ್ನು ಸ್ಥಾಪಿಸಿತು. 2021ರಿಂದ ಜಾರಿಗೆ ಬಂದ ರಾಜ್ಯ ಕಾನೂನು, ಸಮನ್ಸ್ ಹೊರಡಿಸಿ ಸಾಕ್ಷಿಗಳನ್ನೂ ಕಡತಗಳನ್ನೂ ತರಿಸಬಲ್ಲ ನಿಗಾ ಸಮಿತಿಯನ್ನು ಯಾವ ಕೌಂಟಿಯಾದರೂ ರಚಿಸಬಹುದು ಎಂದು ಹೇಳಿದೆ. ‘ರಚಿಸಬಹುದು’ ಎಂದಿದೆ, ‘ರಚಿಸಬೇಕು’ ಎಂದಿಲ್ಲ. ಈ ಒಂದು ಪದದಿಂದಾಗಿ ಎಷ್ಟೋ ಕೌಂಟಿಗಳ ಬಂಧಿಗಳಿಗೆ ಹೊರಗಿನವರ ಕಣ್ಗಾವಲೇ ಇಲ್ಲವಾಗಿದೆ.

ಪ್ರಶ್ನೆ: ಬೇರೆ ರಾಜ್ಯಗಳಲ್ಲೂ ಇದೇ ಕ್ರಮವೇ?
— ಡಲ್ಲಾಸ್‌ನ ಓದುಗರೊಬ್ಬರು

ಉತ್ತರ: ರಾಜ್ಯಕ್ಕೊಂದು ಕ್ರಮ. ನಿಮ್ಮ ಟೆಕ್ಸಾಸ್‌ನಲ್ಲಿ ಬಜೆಟ್ ಮಾಡುವುದು ಕೌಂಟಿ ಜಡ್ಜ್ ಮತ್ತು ನಾಲ್ವರು ಕಮಿಷನರುಗಳ ‘ಕಮಿಷನರ್ಸ್ ಕೋರ್ಟ್’. ಹೆಸರಿನಲ್ಲಿ ಕೋರ್ಟು ಇದ್ದರೂ ಅದು ಆಡಳಿತ ಮಂಡಳಿ. 2021ರ ಕಾನೂನಿನಂತೆ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಕೌಂಟಿ ತನ್ನ ಕಾನೂನು ಪಾಲನೆಯ ಬಜೆಟ್ಟನ್ನು ಕಡಿತಗೊಳಿಸಬೇಕಾದರೆ ಮತದಾರರ ಒಪ್ಪಿಗೆ ಕೇಳಬೇಕು. ಫ್ಲಾರಿಡಾದಲ್ಲಿ ಕೌಂಟಿ ತಮ್ಮ ಬಜೆಟ್ ಕಡಿತ ಮಾಡಿತೆಂದು ಶೆರಿಫರು ರಾಜ್ಯಪಾಲರು ಮತ್ತು ಸಂಪುಟದ ಮುಂದೆ ಮೇಲ್ಮನವಿ ಹೋಗಬಹುದು. ಕನೆಕ್ಟಿಕಟ್ ರಾಜ್ಯ 1960ರಲ್ಲೇ ಕೌಂಟಿ ಸರ್ಕಾರಗಳನ್ನು ರದ್ದುಮಾಡಿದ್ದರಿಂದ ಅಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಪ್ರಶ್ನೆ: ನಾನು ಎಚ್‌1ಬಿ ವೀಸಾದಲ್ಲಿದ್ದೇನೆ, ಮತದಾನದ ಹಕ್ಕಿಲ್ಲ. ಬಜೆಟ್ ಸಭೆಗೆ ಹೋಗಿ ಮಾತನಾಡಬಹುದೇ? ತೊಂದರೆಯಾಗುವುದಿಲ್ಲವೇ?
— ಸಾಂಟಾ ಕ್ಲಾರಾದ ಓದುಗರೊಬ್ಬರು

ಉತ್ತರ: ಮಾತನಾಡಬಹುದು. ಗ್ರ್ಯಾಂಡ್ ಜ್ಯೂರಿಯಲ್ಲಿ ಕೂರಲು ಪೌರತ್ವ ಬೇಕು, ಮಂಡಳಿಯ ಸಭೆಯಲ್ಲಿ ಮಾತನಾಡಲು ಬೇಡ. 1953ರ ಬಹಿರಂಗ ಸಭೆಗಳ ಕಾನೂನಿನಂತೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಬೇಕು, ಒಳಗೆ ಬರಲು ಹೆಸರು ನೋಂದಾಯಿಸಲೇಬೇಕೆಂದು ಒತ್ತಾಯಿಸುವಂತಿಲ್ಲ. ನೀವೂ ಮಾರಾಟ ತೆರಿಗೆ ಕಟ್ಟುತ್ತೀರಿ, ನೀವು ಕಟ್ಟುವ ಬಾಡಿಗೆಯೊಳಗೆ ಆಸ್ತಿ ತೆರಿಗೆಯೂ ಸೇರಿದೆ.

ಕೆಲವು ವರ್ಷಗಳ ಹಿಂದೆ ಒಂದು ಕೌಂಟಿಯ ಬಜೆಟ್ ವಿಚಾರಣೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅರವತ್ತು ದಾಟಿದ ಮಹಿಳೆಯೊಬ್ಬರು ಮೈಕಿನ ಮುಂದೆ ಬಂದು, ಮಡಚಿದ ಕಾಗದವನ್ನು ಬಿಡಿಸಿ, ಜೈಲಿನಲ್ಲಿದ್ದ ತಮ್ಮ ಮಗನಿಗೆ ಎಂಟು ದಿನ ಮಾತ್ರೆ ಸಿಗಲಿಲ್ಲವೆಂದು ಓದಿದರು. ಅವರಿಗಿದ್ದುದು ಎರಡು ನಿಮಿಷ. ಬೈಗುಳವಿಲ್ಲ, ಅಳುವಿಲ್ಲ; ಕೊನೆಯಲ್ಲಿ ಒಂದೇ ಪ್ರಶ್ನೆ: ರಾತ್ರಿ ಪಾಳಿಗೆ ಎಷ್ಟು ನರ್ಸುಗಳ ಹುದ್ದೆ ಮಂಜೂರಾಗಿದೆ, ಅದರಲ್ಲಿ ಎಷ್ಟು ತುಂಬಿದೆ? ಸದಸ್ಯರೊಬ್ಬರು ಅದೇ ಪ್ರಶ್ನೆಯನ್ನು ತಿರುಗಿ ಅಧಿಕಾರಿಗಳಿಗೆ ಕೇಳಿದರು, ಸಭೆಯಲ್ಲಿದ್ದ ಯಾರ ಬಳಿಯೂ ಉತ್ತರ ಇರಲಿಲ್ಲ. ಲಿಖಿತ ವರದಿ ಬರುವವರೆಗೆ ಆ ಬಾಬ್ತಿನ ಮೇಲೆ ಮತ ಹಾಕುವುದನ್ನು ಮಂಡಳಿ ಮುಂದೂಡಿತು.

ನೀವು ಹೋಗುವುದಾದರೆ ಕಾರ್ಯಸೂಚಿಯಲ್ಲಿ ಶೆರಿಫ್ ಇಲಾಖೆಯ ಬಾಬ್ತಿನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ, ಮಾತನ್ನು ಬರೆದುಕೊಂಡು ಮನೆಯಲ್ಲೇ ಗಡಿಯಾರ ಇಟ್ಟು ಒಮ್ಮೆ ಓದಿ ನೋಡಿ, ಅಂಕಿಯಲ್ಲಿ ಉತ್ತರಿಸಬೇಕಾದ ಒಂದು ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಖುದ್ದಾಗಿ ಹೋಗಲು ಆಗದಿದ್ದರೆ ಅದೇ ಕಾಗದವನ್ನು ಸಭೆಗೆ ಮುಂಚೆ ಮಂಡಳಿಯ ಕ್ಲರ್ಕ್ ಕಚೇರಿಗೆ ಕಳುಹಿಸಿ.